ಗಿಡದ ತೊಟ್ಟಿಗೊಂದು ಬಲ್ಬು

ಮನುಷ್ಯನ ಬಾಳಿನಲ್ಲಿ ಹೆಣ್ಣು ನೋಡುವುದು, ಸೈಟು ನೋಡುವುದು, ಡಾಕ್ಟರನ್ನು ನೋಡುವುದು, ಈ ಮೂರೇ ದೊಡ್ಡ ವಿಷಯಗಳೆಂದು ಜನ ತಿಳಿದಿದ್ದಾರೆ. ನಾಲ್ಕನೆಯದೊಂದಿದೆ. ಹದಿನೆಂಟು ಇಂಚಿನ ಗಾಜಿನ ತೊಟ್ಟಿಯ ಮೇಲೆ ಯಾವ ದೀಪ ಉರಿಯಬೇಕು ಎಂಬುದು. ಚಾಮರಾಜನಗರದ ಸರ್ಕಾರಿ ಕಚೇರಿಯೊಂದರಲ್ಲಿ ಪ್ರಥಮ ದರ್ಜೆ ಸಹಾಯಕನಾಗಿದ್ದ ಬಸವಪ್ರಸಾದ್ ಮೊದಲ ಮೂರನ್ನೂ ಒಂದೊಂದು ಭಾನುವಾರದಲ್ಲಿ ಮುಗಿಸಿದ್ದ. ನಾಲ್ಕನೆಯದಕ್ಕೆ ಮೂರು ತಿಂಗಳು ಹಿಡಿಯಿತು. ಮಾನವೂ ಹೋಯಿತು.

ತೊಟ್ಟಿಯಲ್ಲಿ ಇದ್ದದ್ದು ಗಿಡಗಳು. ಗಿಡಗಳ ನಡುವೆ ಉಗುರಿನಷ್ಟುದ್ದದ ಐದು ಮೀನುಗಳೂ ಇದ್ದವು. ಆದರೆ ಕೊರಳಲ್ಲಿ ಲಿಂಗ ಕಟ್ಟಿಕೊಂಡವರ ಮನೆಯಲ್ಲಿ ಆ ಪದವನ್ನು ಗಟ್ಟಿಯಾಗಿ ಆಡುವಂತಿರಲಿಲ್ಲ. ಹೆಂಡತಿ ನಯನಾ ಒಂದು ಷರತ್ತಿನ ಮೇಲೆ ಒಪ್ಪಿದ್ದಳು: "ಸಾಕ್ಕೊಳ್ಳಿ. ಆದ್ರೆ ನಮ್ಮಪ್ಪ ಅಮ್ಮನ ಮುಂದೆ ಅದರ ಹೆಸರೆತ್ತಬೇಡಿ. ಗಿಡದ ತೊಟ್ಟಿ ಅನ್ನಿ. ಓಡಾಡೋವೂ ಗಿಡಾನೇ ಅಂದ್ಕೊಂಡುಬಿಡಿ."

ಓಡಾಡುವ ಗಿಡಗಳು ಚೆನ್ನಾಗಿಯೇ ಇದ್ದವು. ನಿಂತ ಗಿಡಗಳು ಬೆಳಕು ಸಾಲದೆ ಬೇಯಿಸಿದ ದಂಟಿನ ಸೊಪ್ಪಿನಂತೆ ಬಾಡಿ ದಿನಕ್ಕೊಂದು ಎಲೆ ಕಳಚುತ್ತಿದ್ದವು. ಅಂಗಡಿಯವನು ತೋರಿಸಿದ ದೀಪದ ಬೆಲೆಗೆ ಒಂದು ಸೈಕಲ್ ಬರುತ್ತಿತ್ತು. ಕಚೇರಿಯ ಸೋಮೇಶ್, ಯಾವ ಕಷ್ಟಕ್ಕೂ ಸಲಹೆ ಇಲ್ಲವೆಂದು ಹೇಳಿ ಗೊತ್ತಿಲ್ಲದವನು, "ಟ್ಯೂಬ್‌ಲೈಟ್ ಹಾಕಿ ಸಾರ್, ಅದಕ್ಕಿಂತ ಬೇಕಾ?" ಎಂದ. ಹಾಕಿದ. ಗಿಡ ಬಿಟ್ಟು ಪಾಚಿ ಬೆಳೆಯಿತು. ಆಮೇಲೆ ಕೆಂಪು ನೀಲಿ ಪಟ್ಟಿ ದೀಪ ಹಾಕಿದ. ಎದುರು ಮನೆಯವರು ಬಂದು, "ಏನ್ ಪ್ರಸಾದ್, ಬಾರ್ ಲೈಸೆನ್ಸ್ ಸಿಕ್ತಾ?" ಎಂದು ಕೇಳಿದರು. ತೆಗೆದ.

ಇಂಥ ಸ್ಥಿತಿಯಲ್ಲಿ ಅವನು ಗೌರಿ ಹಬ್ಬಕ್ಕೆ ಮಾವನ ಊರಿಗೆ ಹೋದ. ಗುಂಡ್ಲುಪೇಟೆಯಿಂದ ಕಾಡಂಚಿನ ಮದ್ದೂರಿನ ಕಡೆಗೆ ಹೋಗುವ ದಾರಿಯಲ್ಲಿ ಮಾವ ಶಾಂತಮಲ್ಲಪ್ಪನವರ ಸೇವಂತಿಗೆ ತೋಟ. ಸೇವಂತಿಗೆಗೆ ಹಗಲು ಚಿಕ್ಕದಾಯಿತು ಅನ್ನಿಸಿದರೆ ಸಾಕು, ಮೊಗ್ಗು ಬಿಡುವ ಅವಸರ. ಆ ಅವಸರ ತಡೆಯಲು ರೈತರು ತೋಟದ ತುಂಬ ಬಲ್ಬು ತೂಗುಹಾಕಿ, ಇನ್ನೂ ಹೊತ್ತು ಮುಳುಗಿಲ್ಲವೆಂದು ಗಿಡವನ್ನು ನಂಬಿಸುತ್ತಾರೆ. ಗಿಡ ನಂಬಿ ಎತ್ತರಕ್ಕೆ ಬೆಳೆಯುತ್ತದೆ. ಮಾರುಕಟ್ಟೆಯಲ್ಲಿ ಬೆಲೆ ಬರುವ ಕಾಲ ನೋಡಿ ದೀಪ ಆರಿಸಿದರೆ ಇಡೀ ತೋಟ ಒಟ್ಟಿಗೆ ಅರಳುತ್ತದೆ.

ಆ ಸಂಜೆ ಬಲ್ಬುಗಳೆಲ್ಲ ಒಮ್ಮೆಗೇ ಹೊತ್ತಿಕೊಂಡಾಗ ಬಸವಪ್ರಸಾದ್ ಹತ್ತಿರದ ಬಲ್ಬಿನ ಕೆಳಗೆ ಹೋಗಿ ತಲೆಯೆತ್ತಿ ನಿಂತ.

"ಇದು ಗಿಡಕ್ಕೆ ಅಂತ್ಲೇ ಬರೋ ಬಲ್ಬು ಕಣ್ರೀ ಅಳಿಯಂದ್ರೆ," ಎಂದರು ಮಾವ. "ಅಂಗಡೀಲಿ ಬಿಡಿಯಾಗಿ ಸಿಕ್ಕಕ್ಕಿಲ್ಲ. ಹೊಸೂರಿಂದ ಪೆಟ್ಟಿಗೆಗಟ್ಲೆ ತರುಸ್ಬೇಕು. ಇನ್ನೂರಾ ಇಪ್ಪತ್ತು ತೂಗಾಕಿವ್ನಿ."

ಒಂದು ಕೇಳಿದರೆ ಸಂತೋಷದಿಂದ ಕೊಡುತ್ತಿದ್ದರು. ಆದರೆ ಯಾಕೆ ಎಂದು ಕೇಳುತ್ತಿದ್ದರು. ಗಿಡಕ್ಕೆ ಎಂದರೆ ಯಾವ ಗಿಡ ಎನ್ನುತ್ತಿದ್ದರು. ಅಲ್ಲಿಂದ ಮೀನಿಗೆ ಎರಡೇ ಹೆಜ್ಜೆ. ಆದ್ದರಿಂದ ಮರುದಿನ ಬೆಳಗಿನ ಜಾವ, ಬಾಯಲ್ಲಿ ಬ್ರಷ್ಷು ಇಟ್ಟುಕೊಂಡು ತೋಟದೊಳಗೆ ತಿರುಗಾಡಲು ಹೋದ ಬಸವಪ್ರಸಾದ್, ಪಂಪ್‌ಸೆಟ್ ಮನೆಯ ಹಿಂದಿನ ಮೂಲೆಯಲ್ಲಿ, ಆರಿ ತಣ್ಣಗಿದ್ದ ಒಂದು ಬಲ್ಬನ್ನು ತಿರುಗಿಸಿ ಬಿಚ್ಚಿ ಜೇಬಿಗೆ ಇಳಿಸಿದ. ಇಬ್ಬನಿ ಬೀಳುತ್ತಿತ್ತು. ಬರಿದಾದ ಹೋಲ್ಡರಿನೊಳಗೆ ನೀರಿಳಿದು ಲೈನು ಕೆಟ್ಟೀತು ಅನ್ನಿಸಿತು. ಊರಿಂದ ಖಾರ ಬೂಂದಿ ತಂದಿದ್ದ ಬೇಕರಿ ಕವರು ಜೇಬಿನಲ್ಲೇ ಇತ್ತು. ಅದನ್ನು ಹೋಲ್ಡರಿಗೆ ಮುಚ್ಚಿ, ಅದಕ್ಕೆ ಕಟ್ಟಿದ್ದ ದಾರವನ್ನೇ ಎರಡು ಸುತ್ತು ಸುತ್ತಿ, ಗಂಟು ಹಾಕಿ ಬಂದ. ಹದಿನಾರು ವರ್ಷ ಕಡತ ಕಟ್ಟಿದ ಕೈ. ಕದಿಯುವಾಗಲೂ ಶಿಸ್ತು ಬಿಡಲಿಲ್ಲ.

ನಯನಾಗೆ ಬಲ್ಬು ಸೋಮೇಶ್ ಕೊಟ್ಟದ್ದೆಂದು ಹೇಳಿದ. ಎರಡು ತಿಂಗಳಲ್ಲಿ ತೊಟ್ಟಿಯ ಗಿಡಗಳು ನೀರಿನ ಮೇಲಕ್ಕೆ ತಲೆಯೆತ್ತಿದವು. ಬಸವಪ್ರಸಾದ್ ದಿನಾ ಸಂಜೆ ಅವುಗಳ ಮುಂದೆ ಕೂತು ಸಂತೋಷಪಡುತ್ತಿದ್ದ. ಬಲ್ಬಿನ ಕಡೆ ಮಾತ್ರ ನೋಡುತ್ತಿರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಮಾವನ ಫೋನು ಬಂತು.

"ಅಳಿಯಂದ್ರೆ, ಇವತ್ತು ಒಸಿ ಬಂದೋಗಿ. ತೋಟದಲ್ಲಿ ಒಂದು ಇಸ್ಯ ಆಗದೆ."

"ಏನು ಮಾವ?"

"ಪೋನಲ್ಲಿ ಯೋಳೋದಲ್ಲ. ಬನ್ನಿ."

ಬಸವಪ್ರಸಾದ್ ಇಡ್ಲಿಯನ್ನು ಅರ್ಧಕ್ಕೆ ಬಿಟ್ಟು ಎದ್ದ. ತೊಟ್ಟಿಯ ಮೇಲಿಂದ ಬಲ್ಬು ಬಿಚ್ಚಿದ.

"ಅದ್ಯಾಕ್ರೀ ಬಿಚ್ತಿದ್ದೀರಿ?" ಎಂದಳು ನಯನಾ.

"ಒರೆಸೋಕೆ."

ಒರೆಸುವ ಬಲ್ಬನ್ನು ಟವೆಲಿನಲ್ಲಿ ಸುತ್ತಿ, ಕೈಚೀಲದಲ್ಲಿಟ್ಟು, ಗುಂಡ್ಲುಪೇಟೆ ಬಸ್ಸು ಹತ್ತಿದ. ಯಾರೂ ನೋಡದಾಗ ತೋಟಕ್ಕೆ ಹೋಗಿ ಇದ್ದಲ್ಲೇ ಸಿಕ್ಕಿಸಿಬಿಡುವುದು. ತೆರಕಣಾಂಬಿ ದಾಟುವ ಹೊತ್ತಿಗೆ ಈ ಯೋಜನೆ ಅವನಿಗೆ ಬಹಳ ಸುಲಭವಾಗಿ ಕಂಡಿತ್ತು.

ಗುಂಡ್ಲುಪೇಟೆಯ ಬಸ್ ಸ್ಟ್ಯಾಂಡಿನಲ್ಲಿ ಮರಿಮಲ್ಲಪ್ಪನವರು ಬೈಕಿನೊಂದಿಗೆ ಕಾಯುತ್ತಿದ್ದರು. ಮಾವನ ತೋಟಕ್ಕೆ ಹೊಂದಿಕೊಂಡೇ ಅವರ ಸೇವಂತಿಗೆ ತೋಟ. ನಡುವೆ ಒಂದು ಬದು ಅಷ್ಟೆ. ಊರಿನಲ್ಲಿ ಯಾರ ಮನೆಯ ಹಾಲು ಒಡೆದರೂ ಕಾರಣ ಹೇಳುವವರು ಅವರು.

"ಕುಂತ್ಕಳಿ ಅಳಿಯಂದ್ರೆ. ನಿಮ್ಮ ಮಾವ ಕಳುಸುದ್ರು. ಇಸ್ಯ ಗೊತ್ತಾಯ್ತಾ? ನಿಮ್ಮ ಮಾವನ ತೋಟದಲ್ಲಿ ಬಲ್ಬು ಕದ್ದವ್ರೆ!"

"ಬಲ್ಬಾ!" ಎಂದ ಬಸವಪ್ರಸಾದ್. ಆಶ್ಚರ್ಯ ಸ್ವಲ್ಪ ಹೆಚ್ಚಾಯಿತೇನೋ ಅನ್ನಿಸಿ, "ಒಂದೇನಾ?" ಎಂದು ಸೇರಿಸಿದ.

"ಒಂದೇಯ. ಪಂಪ್‌ಸೆಟ್ ಮನೆ ಹಿಂದ್ಲು ಮೂಲೆ. ಮನೆಯಿಂದ ನೋಡುದ್ರೆ ಕಾಣ್ದಿಲ್ಲ. ಬೆಳಕಿಲ್ದೆ ಅಷ್ಟಗಲಕ್ಕೂ ಮೊಗ್ಗು ಬಂದು ಹೂವಾಗ್ಬುಟ್ಟದೆ. ಸುತ್ತ ಎಲ್ಲಾ ಹಸುರು, ನಡೂವೆ ಹಳದಿ. ಹೂವು ಕಂಡ ಮ್ಯಾಲೇ ಗೊತ್ತಾಗಿದ್ದು. ಆ ಮುದ್ದಯ್ಯಂದೇ ಕೆಲ್ಸ. ಕಾವಲಿರೋನು ಅವ್ನು ತಾನೆ? ಕಳ್ಳಂಗೆ ಮಕ್ಕಳುಮರಿ ಅವೆ ಅಂತ ನೋಡ್ಬಾರ್ದು ಕಣ್ರೀ. ನಾನಾಗಿದ್ರೆ... ಅದೇನ್ರೀ ನಿಮ್ಮ ಚೀಲದಲ್ಲಿ? ಬೆನ್ನಿಗೆ ಒತ್ತುತದಲ್ಲ, ಉಂಡಗೆ?"

"ಮೂಸಂಬಿ," ಎಂದ ಬಸವಪ್ರಸಾದ್. ಉಳಿದ ದಾರಿಯುದ್ದಕ್ಕೂ ಚೀಲವನ್ನು ಎದೆಯ ಮಟ್ಟಕ್ಕೆ ಎತ್ತಿ, ಪೋಲಿಯೋ ಹನಿ ಹಾಕಿಸಲು ಮಗುವನ್ನು ಕರೆದೊಯ್ಯುವವನಂತೆ ಹಿಡಿದುಕೊಂಡ.

ಬೈಕು ನಿಂತಾಗ ಅವನ ಯೋಜನೆ ಅಲ್ಲೇ ಮುರಿದುಬಿತ್ತು. ತೋಟದಲ್ಲಿ ಯಾರೂ ಇಲ್ಲದಿರುವುದು ಹಾಗಿರಲಿ, ಪಂಪ್‌ಸೆಟ್ ಮನೆಯ ಹಿಂದೆ, ಹೊಂಗೆ ಮರದಡಿ, ಚಾಪೆ ಹಾಸಿ ಎಂಟು ಹತ್ತು ಜನ ಕೂತಿದ್ದರು. ಒಂದೇ ಒಂದು ಪ್ಲಾಸ್ಟಿಕ್ ಕುರ್ಚಿ ಇತ್ತು. ಅದು ಖಾಲಿಯಿತ್ತು.

"ಕುಂತ್ಕಳಿ ಅಳಿಯಂದ್ರೆ," ಎಂದರು ಶಾಂತಮಲ್ಲಪ್ಪನವರು ಕುರ್ಚಿ ತೋರಿಸಿ. "ನಾವು ನಾವೇ ಮಾತಾಡುದ್ರೆ ಜಗಳವಾಯ್ತದೆ. ನೀವು ಸರ್ಕಾರಿ ನೌಕರಿ ಮಾಡೋರು, ಓದಿದೋರು, ನಾಕು ಕಡತ ನೋಡಿದೋರು. ಎರಡು ಕಡೆ ಮಾತೂ ಕೇಳಿ ತೀರ್ಮಾನ ಯೋಳ್ಬುಡಿ. ನೀವು ಯೋಳುದ್ದಕ್ಕೆ ಯಾರೂ ಎದುರಾಡಕ್ಕಿಲ್ಲ."

ಅತ್ತೆ ಮಂಗಳಗೌರಿ ಮಜ್ಜಿಗೆಯ ಲೋಟ ಕೈಗಿಟ್ಟು, "ಚೀಲ ಕೊಡಿ, ಒಳಗಿಡ್ತೀನಿ. ಅಳಿಯಂದ್ರು ಚೀಲ ಹಿಡ್ಕಂಡು ಕುಂತಿರೋದಾ," ಎಂದು ಕೈ ಚಾಚಿದರು.

"ಪರವಾಗಿಲ್ಲ ಅತ್ತೆ."

"ಕೊಡೀಂದ್ರೆ."

"ಕಚೇರಿ ಕಾಗದ ಅತ್ತೆ. ಬೇರೆಯವರು ಮುಟ್ಟೋ ಹಾಗಿಲ್ಲ."

ಮರಿಮಲ್ಲಪ್ಪನವರು ಚೀಲದ ಕಡೆ ನೋಡಿದರು. ದಾರಿಯಲ್ಲಿ ಮೂಸಂಬಿಯಾಗಿದ್ದುದು ಕಾಗದವಾದದ್ದು ಅವರ ಕಿವಿಗೆ ಬಿದ್ದಿತ್ತು. ಆದರೂ ಮುಖ ಆಚೆ ತಿರುಗಿಸಿ ಚಾಪೆಯ ಮೇಲೆ ಕೂತರು.

ಬಸವಪ್ರಸಾದ್ ನ್ಯಾಯಾಧೀಶನ ಕುರ್ಚಿಯಲ್ಲಿ, ತೊಡೆಯ ಮೇಲೆ ಕದ್ದ ಮಾಲು ಇಟ್ಟುಕೊಂಡು ಕೂತ. ಎದುರಿಗೆ ಮುದ್ದಯ್ಯ ನಿಂತಿದ್ದ. ಹನ್ನೊಂದು ವರ್ಷದಿಂದ ಆ ತೋಟ ನೋಡಿಕೊಂಡವನು. ಹಬ್ಬಕ್ಕೆ ಬಂದಾಗ ಅಳಿಯನ ಸೂಟ್‌ಕೇಸು ಹೊತ್ತವನು, ಕೇಳದೆಯೇ ಎಳನೀರು ಕೆತ್ತಿ ಕೊಟ್ಟವನು. ಬಸವಪ್ರಸಾದ್ ಅವನ ಮುಖ ನೋಡಲಾರದೆ ಮಜ್ಜಿಗೆ ನೋಡಿದ.

"ಯೋಳು ಮುದ್ದಯ್ಯ," ಎಂದರು ಶಾಂತಮಲ್ಲಪ್ಪನವರು.

"ಏನ್ ಯೋಳ್ಲಿ ಬುದ್ಧಿ? ಬಲ್ಬು ಇಲ್ದೆ ಇರೋದ್ನ ನಾನು ಗೌರಿ ಹಬ್ಬದ ವಾರವೇ ಕಂಡೆ. ಆದ್ರೆ ಓಲ್ಡ್ರಿಗೆ ಕವರು ಮುಚ್ಚಿ, ದಾರ ಸುತ್ತಿ, ಗಂಟಾಕಿತ್ತು. ಅಷ್ಟು ಅಚ್ಚುಕಟ್ಟಾಗಿ ಕಳ್ಳ ಮಾಡ್ತನಾ? ನೀವೇ ಬಿಚ್ಚಿಸಿದ್ದೀರೇನೋ ಅನ್ಕಂಡು ಸುಮ್ನಾದೆ."

"ಮಂಗ ಇರಬಹುದಲ್ವಾ?" ಎಂದ ಬಸವಪ್ರಸಾದ್. ತನ್ನ ದನಿ ತನಗೇ ದೂರದಿಂದ ಬಂದಂತಿತ್ತು. "ಕಾಡು ಹತ್ತಿರ ಇದೆ..."

"ಬುದ್ಧಿ, ಮಂಗ ಗಂಟಾಕ್ತದಾ?"

ಚಾಪೆಯ ಮೇಲೆ ಕೂತವರೆಲ್ಲ ನಕ್ಕರು. ಮುದ್ದಯ್ಯ ಹೋಲ್ಡರಿನಿಂದ ಬಿಚ್ಚಿಟ್ಟಿದ್ದ ಕವರನ್ನು ತಂದು ನ್ಯಾಯಾಧೀಶನ ಕೈಗೆ ಕೊಟ್ಟ. ಎರಡು ತಿಂಗಳ ಮಳೆ ಬಿಸಿಲಿಗೆ ಬಣ್ಣ ಮಾಸಿದ್ದರೂ ಅಕ್ಷರ ಮಾಸಿರಲಿಲ್ಲ.

"ಓದಿ ಯೋಳಿ," ಎಂದರು ಮಾವ.

ಬಸವಪ್ರಸಾದ್ ಓದಿದ. ಬೇಕರಿಯ ಹೆಸರು ಓದಿದ. ಬೀದಿಯ ಹೆಸರು ಓದಿದ. "ಚಾಮರಾಜನಗರ" ಎಂಬಲ್ಲಿಗೆ ಬಂದಾಗ ಅವನಿಗೆ ಕೆಮ್ಮು ಬಂತು.

"ಅಯ್ಯೋ, ನಿಮ್ಮೂರಿನ ಕಳ್ಳ!" ಎಂದರು ಮಂಗಳಗೌರಿ. "ನೋಡಿ, ಅಷ್ಟು ದೂರದಿಂದ ಬಂದವ್ನೆ, ಒಂದು ಬಲ್ಬಿಗೆ! ಎಂಥ ದರಿದ್ರದೋನೋ ಪಾಪ!"

ಬಸವಪ್ರಸಾದ್ ಮಜ್ಜಿಗೆ ಕುಡಿದ. ಲೋಟ ಆಗಲೇ ಖಾಲಿಯಾಗಿತ್ತು.

"ಚಾಮರಾಜನಗರಕ್ಕೆ ಮುದ್ದಯ್ಯನೂ ಓಯ್ತನೆ," ಎಂದರು ಮರಿಮಲ್ಲಪ್ಪನವರು ಬೇಗಬೇಗನೆ. "ಅವನ ಮಗಳನ್ನ ಕೊಟ್ಟಿರೋದು ಆ ಕಡೇಕೆ ತಾನೆ? ಕವರು ತಂದಿರ್ತನೆ. ಇದ್ರಲ್ಲಿ ತೀರ್ಮಾನ ಮಾಡೋಕೆ ಏನದೆ? ಕೆಲ್ಸ ಬುಡಿಸಿ, ಮುಗುಸಿ."

ಮುದ್ದಯ್ಯ ಹೆಗಲ ಮೇಲಿನ ಟವೆಲು ತೆಗೆದು ಕೈಯಲ್ಲಿ ಹಿಡಿದ.

"ಬುಡಿಸೋದು ಬ್ಯಾಡಿ, ನಾನೇ ಬುಡ್ತೀನಿ. ಆದ್ರೆ ಕಳ್ಳ ಅನ್ನುಸ್ಕಂಡು ಓಗಕ್ಕಿಲ್ಲ. ಮಾದಪ್ಪನ ಮುಂದೆ ಕರ್ಪೂರ ಅಚ್ಚಿ. ನಾನು ಆಣೆ ಮಾಡ್ತೀನಿ. ಆ ವಾರ ತೋಟಕ್ಕೆ ಕಾಲಿಟ್ಟೋರೆಲ್ಲಾ ಮಾಡ್ಲಿ."

"ಮಾಡನ!" ಎಂದರು ಶಾಂತಮಲ್ಲಪ್ಪನವರು. "ನಾನೂ ಮಾಡ್ತೀನಿ."

"ಒಂದು ಬಲ್ಬಿಗೆಲ್ಲಾ ಮಾದಪ್ಪನ್ನ ಎಳೀಬ್ಯಾಡಿ ಕಣ್ರಪ್ಪ," ಎಂದರು ಮರಿಮಲ್ಲಪ್ಪನವರು. ಅವರ ದನಿ ಇದ್ದಕ್ಕಿದ್ದಂತೆ ಮೆತ್ತಗಾಗಿತ್ತು.

ಬಸವಪ್ರಸಾದನಿಗೆ ಆಣೆಯ ಭಯಕ್ಕಿಂತ ಬೇರೊಂದು ಕಾಡುತ್ತಿತ್ತು. ಮುದ್ದಯ್ಯ ತನ್ನ ಟಾರ್ಚನ್ನೂ ಪಂಪ್‌ಸೆಟ್ ಮನೆಯ ಬೀಗದ ಕೈಯನ್ನೂ ತಂದು ಚಾಪೆಯ ಮೇಲೆ, ಶಾಂತಮಲ್ಲಪ್ಪನವರ ಮುಂದೆ, ಒಂದರ ಪಕ್ಕ ಒಂದು ಇಟ್ಟ. ಹಿಂದಕ್ಕೆ ಸರಿದು ನಿಂತ. ಹನ್ನೊಂದು ವರ್ಷ ಅಷ್ಟೇ ಜಾಗ ಹಿಡಿದಿತ್ತು.

"ನಾನು ತೆಗೆದದ್ದು," ಎಂದ ಬಸವಪ್ರಸಾದ್.

ಯಾರಿಗೂ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳುವುದು ಮೊದಲ ಸಲಕ್ಕಿಂತ ಕಷ್ಟವಾಯಿತು. "ಬಲ್ಬು ತೆಗೆದದ್ದು ನಾನು ಮಾವ. ಗೌರಿ ಹಬ್ಬಕ್ಕೆ ಬಂದಾಗ. ಮುದ್ದಯ್ಯ ಅಲ್ಲ." ಚೀಲ ಬಿಚ್ಚಿ, ಟವೆಲು ಬಿಡಿಸಿ, ಬಲ್ಬನ್ನು ಚಾಪೆಯ ಮೇಲೆ, ಟಾರ್ಚಿನ ಪಕ್ಕದಲ್ಲಿಟ್ಟ.

ಚಾಪೆಯ ಮೇಲಿದ್ದವರೆಲ್ಲ ಬಲ್ಬಿನ ಕಡೆ ಬಗ್ಗಿದರು.

"ನೀವಾ?" ಎಂದರು ಮಾವ. "ಯಾಕ್ರಪ್ಪಾ?"

"ಗಿಡಕ್ಕೆ."

"ಎಷ್ಟು ಎಕರೆ?"

"ಎಕರೆ ಅಲ್ಲ ಮಾವ. ಗಾಜಿನ ತೊಟ್ಟಿ. ಇಷ್ಟುದ್ದ." ಕೈಯಲ್ಲಿ ತೋರಿಸಿದ. ಚಿಕ್ಕದಾಗಿ ಕಂಡಿತೆಂದು ಸ್ವಲ್ಪ ಅಗಲಿಸಿದ. "ನೀರೊಳಗೆ ಬೆಳೆಯೋ ಗಿಡ."

"ನೀರೊಳಗೆ ಬೆಳದು ಏನು ಬುಡ್ತದೆ? ಕಾಯಾ?"

"ಏನೂ ಬಿಡೋದಿಲ್ಲ."

"ಸೊಪ್ಪು ತಿಂತರಾ?"

"ಇಲ್ಲ."

"ದನಕ್ಕೆ?"

"ಇಲ್ಲ ಮಾವ. ನೋಡೋಕೆ."

ಮೂರು ತಲೆಮಾರಿನಿಂದ ಮಣ್ಣಿನಲ್ಲಿ ಬೆಳೆದು ಬದುಕಿದ ಎಂಟು ಹತ್ತು ಜನ, ಬಲ್ಬು ಕದ್ದು ಕಳೆ ಬೆಳೆಸಿ ಅದನ್ನು ನೋಡುತ್ತಾ ಕೂರುವ ಸರ್ಕಾರಿ ನೌಕರನನ್ನು ನೋಡಿದರು. ಕಳ್ಳನೆಂದು ನೋಡಿದ್ದರೆ ಬಸವಪ್ರಸಾದ್ ತಡೆದುಕೊಳ್ಳುತ್ತಿದ್ದ. ಅವರು ನೋಡಿದ್ದು ಆಸ್ಪತ್ರೆಗೆ ತೋರಿಸಿದ್ದೀರಾ ಎಂದು ಕೇಳುವವರ ಹಾಗೆ.

"ಬರೀ ಗಿಡವೇಯಾ?" ಎಂದರು ಮಂಗಳಗೌರಿ ಸಣ್ಣಗೆ. ಮಗಳ ಮನೆಯ ವಿಷಯದಲ್ಲಿ ತಾಯಂದಿರಿಗೆ ಒಂದು ಮೂಗು ಹೆಚ್ಚು.

"ಐದು... ಇವೆ ಅತ್ತೆ. ಸಣ್ಣವು. ತಿನ್ನೋಕಲ್ಲ."

"ಶಿವನೇ," ಎಂದು ಮಂಗಳಗೌರಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಮನೆಯ ಕಡೆ ನಡೆದರು.

ಆಗ ಶಾಂತಮಲ್ಲಪ್ಪನವರು ಇದ್ದಕ್ಕಿದ್ದಂತೆ ಜೋರಾಗಿ ನಕ್ಕುಬಿಟ್ಟರು. ದೊಡ್ಡ ಮನಸ್ಸಿನ ಮನುಷ್ಯ.

"ಏನ್ರಪ್ಪಾ ಇದು! ಮಾವನ ತೋಟದ ಬಲ್ಬ ಅಳಿಯ ತಗಂಡ್ರೆ ಕಳ್ತನವಾ? ನಮ್ಮನೇದು ನಮ್ಮೋರು ತಗಂಡ್ರು. ಮಗಳನ್ನೇ ಕೊಟ್ಟಿವ್ನಿ, ಬಲ್ಬು ಯಾವ ಲೆಕ್ಕ? ಮುದ್ದಯ್ಯ, ತಪ್ಪಾಯ್ತು ಕಣಪ್ಪಾ, ನಿನ್ನ ಮ್ಯಾಲೆ ಅನುಮಾನ ಪಟ್ಟುದ್ದು. ಬೀಗದ ಕೈ ತಗಾ."

"ಸರಿಯಾಗಿ ಯೋಳುದ್ರಿ," ಎಂದರು ಮರಿಮಲ್ಲಪ್ಪನವರು ಎಲ್ಲರಿಗಿಂತ ಮೊದಲು ಎದ್ದು. "ಮುಗೀತು. ನಡೀರಿ, ಊಟದ ಹೊತ್ತಾಯ್ತು."

ಬಸವಪ್ರಸಾದನ ಕಣ್ಣು ತೇವವಾಯಿತು. ಅಪರಾಧ ಒಪ್ಪಿಕೊಳ್ಳುವುದು ಇಷ್ಟು ಹಗುರವೆಂದು ಗೊತ್ತಿದ್ದರೆ ಎರಡು ತಿಂಗಳು ಬಲ್ಬಿಗೆ ಮುಖ ತಪ್ಪಿಸಿಕೊಂಡು ಓಡಾಡುತ್ತಿರಲಿಲ್ಲ.

ಮುದ್ದಯ್ಯ ಬೀಗದ ಕೈ ತೆಗೆದುಕೊಂಡ. ಟಾರ್ಚು ತೆಗೆದುಕೊಂಡ. ಬಲ್ಬನ್ನೂ ಎತ್ತಿ, ಅದರ ಕುತ್ತಿಗೆಯನ್ನು ಸುತ್ತಲೂ ತಿರುಗಿಸಿ ನೋಡಿದ.

"ಬುದ್ಧಿ, ಇದು ನಮ್ದಲ್ಲ."

"ನಮ್ದಲ್ದೆ ಮತ್ತಿನ್ಯಾರ್ದು?"

"ಇದಕ್ಕೆ ಈಬೂತಿ ಇಲ್ಲ."

ಹೊಸೂರಿನಿಂದ ಶಾಂತಮಲ್ಲಪ್ಪನವರ ಬಲ್ಬು, ಮರಿಮಲ್ಲಪ್ಪನವರ ಬಲ್ಬು ಒಂದೇ ಲಾರಿಯಲ್ಲಿ ಬಂದಿದ್ದವು. ಒಂದೇ ಕಂಪನಿ, ಒಂದೇ ಅಳತೆ. ಬೆರಕೆಯಾಗಬಾರದೆಂದು ಮುದ್ದಯ್ಯ ಯಜಮಾನರ ಬಲ್ಬುಗಳಿಗೆಲ್ಲ ಕುತ್ತಿಗೆಯ ಮೇಲೆ ಬಿಳಿ ಬಣ್ಣದಲ್ಲಿ ಮೂರು ಗೆರೆ ಎಳೆದಿದ್ದ. ಇನ್ನೂರಾ ಇಪ್ಪತ್ತೂ ವಿಭೂತಿ ಧರಿಸಿಯೇ ತೂಗುತ್ತಿದ್ದವು. ಚಾಪೆಯ ಮೇಲಿದ್ದ ಬಲ್ಬಿನ ಹಣೆ ಬೋಳಾಗಿತ್ತು.

ಮುದ್ದಯ್ಯ ಬೇರೇನೂ ಹೇಳದೆ ಬದು ದಾಟಿ ಮರಿಮಲ್ಲಪ್ಪನವರ ತೋಟಕ್ಕೆ ಹೋದ. ಮೊದಲ ಸಾಲಿನ ಬಲ್ಬುಗಳನ್ನು ಒಂದೊಂದಾಗಿ ಬಗ್ಗಿ ನೋಡಿದ. ನಾಲ್ಕನೆಯದರ ಹತ್ತಿರ ನಿಂತು ಕೂಗಿದ: "ಬುದ್ಧಿ, ನಮ್ಮ ಈಬೂತಿ ಇಲ್ಲಿ ಅದೆ!"

ಎಲ್ಲರೂ ಮರಿಮಲ್ಲಪ್ಪನವರ ಕಡೆ ತಿರುಗಿದರು. ಅವರು ಇನ್ನೂ ಎದ್ದೇ ನಿಂತಿದ್ದರು. ಕೂರುವುದೋ ಹೋಗುವುದೋ ತಿಳಿಯದೆ ಪಂಚೆ ಸರಿಮಾಡಿಕೊಂಡರು.

"ಅಲ್ಲ ಕಣ್ರಪ್ಪ... ಹಬ್ಬದ ಮಾರನೇ ದಿನ ನೋಡುದ್ರೆ ನನ್ನ ಬಲ್ಬು ಇಲ್ಲ. ಓಲ್ಡ್ರಿಗೆ ಕವರು ಕಟ್ಟದೆ. ನಾಕು ಸಾಲು ಮೊಗ್ಗಾಯ್ತದಲ್ಲ ಅಂತ ಜೀವ ತಡೀಲಿಲ್ಲ. ಶಾಂತಮಲ್ಲಣ್ಣಂದು ಒಂದು ತಂದು ಆಕ್ದೆ. ಮಳೆ ಬಂದು ಅಣ್ಣನ ಲೈನು ಕೆಡಬಾರ್ದು ಅಂತ ಅದೇ ಕವರ ಇಲ್ಲಿ ಕಟ್ದೆ. ಕೊಡನ ಅಂತ್ಲೇ ಇದ್ದೆ."

ಬೆಳಗಿನ ಜಾವದ ಮಂಕಿನಲ್ಲಿ, ಬ್ರಷ್ಷು ಕಚ್ಚಿಕೊಂಡು, ಬದು ಯಾವುದು ಕಾಲುದಾರಿ ಯಾವುದು ತಿಳಿಯದೆ ಬಸವಪ್ರಸಾದ್ ಹತ್ತು ಅಡಿ ಹೆಚ್ಚು ನಡೆದಿದ್ದ. ಮಾವನ ತೋಟದಲ್ಲಿ ಅವನು ಒಂದು ಎಲೆಯನ್ನೂ ಮುಟ್ಟಿರಲಿಲ್ಲ.

"ಹಂಗಾರೆ ಈಗ ಕಳ್ಳ ಯಾರು?" ಎಂದ ಚಾಪೆಯ ತುದಿಯಲ್ಲಿ ಕೂತಿದ್ದ ಒಬ್ಬ. ಬಹಳ ಹೊತ್ತಿನಿಂದ ಈ ಪ್ರಶ್ನೆಗೆ ಕಾಯುತ್ತಿದ್ದವನಂತೆ ಇತ್ತು ಅವನ ದನಿ.

ಮರಿಮಲ್ಲಪ್ಪನವರಿಗೆ ಜೀವ ಬಂತು. "ನಾವು ಒಂದೇ ಬದುವಿನೋರು. ಅವರ ಪಂಪು ನಾನು ತಂದಿವ್ನಿ, ನನ್ನ ಏಣಿ ಅವರು ಒಯ್ದವ್ರೆ. ಬದುವಿನ ಆಚೆ ಈಚೆ ಓಗೋದು ಕೈಬದಲು. ಅದು ಕಳ್ತನವಾ? ನೀವೇ ಯೋಳಿ ಶಾಂತಮಲ್ಲಣ್ಣ."

ಶಾಂತಮಲ್ಲಪ್ಪನವರು ಯೋಚಿಸಿದರು. ಏಣಿ ಇನ್ನೂ ಅವರ ಅಟ್ಟದಲ್ಲೇ ಇತ್ತು. "ಅದು ಕೈಬದಲೇ," ಎಂದರು. ಅಳಿಯನ ಕಡೆ ತಿರುಗಿ, ಕ್ಷಮೆ ಕೇಳುವ ದನಿಯಲ್ಲಿ, "ನನ್ನ ತೋಟದ್ದಾಗಿದ್ರೆ ನಾನೇ ಬುಟ್ಟುಕೊಡ್ತಿದ್ದೆ ಅಳಿಯಂದ್ರೆ. ಬ್ಯಾರೇರ ತೋಟದ್ದು ಅಂದ ಮ್ಯಾಲೆ ನಾನೇನು ಯೋಳಕಾಯ್ತದೆ? ತೀರ್ಮಾನ ನಿಮ್ದೇ ತಾನೆ? ಯೋಳಿ."

ಕುರ್ಚಿ ಒಂದೇ ಇತ್ತು, ಅದರಲ್ಲಿ ಕೂತಿದ್ದವನು ಅವನೇ. ಬಸವಪ್ರಸಾದ್ ಗಂಟಲು ಸರಿಮಾಡಿಕೊಂಡ. ಮುದ್ದಯ್ಯನದು ತಪ್ಪಿಲ್ಲ ಎಂದ. ಮರಿಮಲ್ಲಪ್ಪನವರದು ಕೈಬದಲು ಎಂದ. ಆಮೇಲೆ ಉಳಿದದ್ದು ಒಬ್ಬನೇ ಆದ್ದರಿಂದ, ನೆಲ ನೋಡುತ್ತಾ, ಕಳ್ಳತನ ಮಾಡಿದ್ದು ತಾನು ಎಂದು ತೀರ್ಪು ಕೊಟ್ಟ.

ಯಾರೂ ಎದುರಾಡಲಿಲ್ಲ.

ಮರಿಮಲ್ಲಪ್ಪನವರು ಬೋಳು ಬಲ್ಬನ್ನು ತೆಗೆದುಕೊಂಡು ವಿಭೂತಿಯದನ್ನು ಹಿಂದಿರುಗಿಸಿದರು. ಬಸವಪ್ರಸಾದ್, ಅತ್ತೆ ಒಳಗೆ ಕರೆಯದ್ದರಿಂದ, ಹಿತ್ತಲ ಜಗುಲಿಯಲ್ಲಿ ಊಟ ಮಾಡಿ, ಕಾಲ್ನಡಿಗೆಯಲ್ಲೇ ರಸ್ತೆಗೆ ಬಂದು ಬಸ್ಸು ಹತ್ತಿದ.

ಈಗ ಅವನು ಮಾವನ ಮನೆಗೆ ಬಂದುಹೋದ ಮಾರನೆಯ ದಿನ ಮುದ್ದಯ್ಯ ಎರಡೂ ತೋಟದ ಬಲ್ಬುಗಳನ್ನು ಎಣಿಸುತ್ತಾನೆ.